ಬ್ರೇಕ್ ಇರಬೇಕಾದ ಜಾಗದಲ್ಲಿ ಸ್ಪೀಕರ್ ಡಬ್ಬ ಇಟ್ಟುಕೊಂಡಿದ್ದ ಕಿತ್ತಳೆ ಕಾರಿಗೆ

ಮಾನ್ಯ ಕಿತ್ತಳೆ ಬಣ್ಣದ, ಎರಡು ಬಾಗಿಲಿನ, ಸದ್ಯಕ್ಕೆ ನಮ್ಮ ಮನೆಯ ಮುಂದೆ ಅರ್ಧ ರಸ್ತೆ ಹಿಡಿದುಕೊಂಡು ನಿಂತಿರುವ ಕಾರು ಮಹಾಶಯರೇ,

ತಮಗೆ ನನ್ನ ಸಾಷ್ಟಾಂಗ ನಮಸ್ಕಾರಗಳು. ಇದನ್ನು ಬರೀ ಬಾಯಿಮಾತಿನ ಮರ್ಯಾದೆಯೆಂದು ತಾವು ತಿಳಿಯಬಾರದು. ತಮ್ಮ ಹಿಂದಿನ ಮಾಲೀಕರು ತಮ್ಮನ್ನು ನೆಲಕ್ಕೆ ಎಷ್ಟು ಇಳಿಸಿದ್ದಾರೆಂದರೆ, ತಮ್ಮ ಮುಖ ನೋಡಿ ಮಾತನಾಡಬೇಕಾದರೆ ನನ್ನಂಥ ಮಂಡಿನೋವಿನವನು ನಿಜವಾಗಿಯೂ ಉದ್ದಕ್ಕೆ ಮಲಗಬೇಕು. ಮೊನ್ನೆ ಹಾಗೆ ಮಲಗಿ ತಮ್ಮ ಮುಂದಿನ ದೀಪ ಒರೆಸುತ್ತಿದ್ದಾಗ ಪೇಪರ್ ಹಾಕುವವನು ಗಾಬರಿಯಿಂದ ಸೈಕಲ್ ನಿಲ್ಲಿಸಿ, ಅಪಘಾತವಾಗಿದೆಯೆಂದು ಬೀದಿಯವರನ್ನೆಲ್ಲ ಕೂಗಿದ. ಓಡಿ ಬಂದವರು ನನ್ನನ್ನು ಎತ್ತಿ ಕೂರಿಸಿ ನೀರು ಕುಡಿಸಿದರು. ಆಮೇಲೆ ತಮ್ಮ ಮೇಲೆ ಅವರ ಕಣ್ಣು ಬಿದ್ದದ್ದೇ ತಡ, ಲೋಟವನ್ನು ನನ್ನ ಕೈಯಲ್ಲೇ ಬಿಟ್ಟು ತಮ್ಮ ಸುತ್ತ ನೆರೆದರು. ನನಗೇನಾಗಿತ್ತೆಂದು ಕೇಳಲು ಅವರು ಇವತ್ತಿನವರೆಗೂ ಬಂದಿಲ್ಲ.

ಈ ದೂರನ್ನು ತಮ್ಮ ಕಿವಿಯಲ್ಲಿ ಗುಟ್ಟಾಗಿ ಹೇಳದೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಬೇಕು. ತಮ್ಮ ಸೈಲೆನ್ಸರು ಮೂರು ಬೀದಿಗೆ ಕೇಳುವಾಗ, ತಮ್ಮ ಹೊಟ್ಟೆಯಡಿಯ ನೇರಳೆ ದೀಪ ಎದುರುಮನೆಯ ಅಡುಗೆಮನೆಯ ಗೋಡೆಗೂ ಬಣ್ಣ ಬಳಿಯುವಾಗ, ನನ್ನೊಬ್ಬನ ಸಂಕಟ ಮಾತ್ರ ಗುಟ್ಟಾಗಿರಬೇಕೆನ್ನುವುದು ನ್ಯಾಯವಲ್ಲ. ಇದರ ಒಂದು ಪ್ರತಿಯನ್ನು ತಮ್ಮ ವೈಪರಿಗೆ ಸಿಕ್ಕಿಸಿ, ಇನ್ನೊಂದನ್ನು ನಮ್ಮ ಸ್ಕೂಲಿನ ಬಾಗಿಲಿಗೆ ಅಂಟಿಸುವವನಿದ್ದೇನೆ. ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳಬೇಕೆಂದು ಕನಸು ಕಾಣುತ್ತ, ಕಂಪನಿಯಿಂದ ಬಂದಂತೆಯೇ ಇರುವ ಸ್ಟ್ಯಾಂಡರ್ಡ್ ಗಾಡಿಯೋ, ಯಾರೋ ಬಿಚ್ಚಿ ಜೋಡಿಸಿದ ಮಾಡಿಫೈಡ್ ಗಾಡಿಯೋ ಎಂದು ತಲೆ ಕೆಡಿಸಿಕೊಂಡವರು ಯಾರಾದರೂ ಇದನ್ನು ಓದಿ ಎಚ್ಚೆತ್ತುಕೊಂಡರೆ ಆ ಪುಣ್ಯದಲ್ಲಿ ತಮಗೂ ಪಾಲಿದೆ.

ನಾನು ಯಾರೆಂದು ತಮಗೆ ಗೊತ್ತಿರಲಿಕ್ಕಿಲ್ಲ. ತಮ್ಮ ಪಕ್ಕದ ಸೀಟಿನಲ್ಲಿ, ನಾಲ್ಕು ಬೆಲ್ಟುಗಳ ನಡುವೆ ಪಾರ್ಸಲ್ಲಿನಂತೆ ಕಟ್ಟಿಸಿಕೊಂಡು ಕೂರುತ್ತೇನಲ್ಲ, ಆ ಮನುಷ್ಯ. ವೃತ್ತಿಯಲ್ಲಿ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಜನ ನನ್ನನ್ನು 'ನಿಧಾನ ಮೇಷ್ಟ್ರು' ಎನ್ನುತ್ತಾರೆ. ಮೊದಲು ಬೆನ್ನ ಹಿಂದೆ ಎನ್ನುತ್ತಿದ್ದರು, ಈಗ ಫೀಸು ಕಟ್ಟುವಾಗ ಎದುರಿಗೇ ಎನ್ನುತ್ತಾರೆ. ಸ್ಕೂಲೆಂದರೆ ಒಂದು ಉದ್ದನೆಯ ಕೋಣೆ, ಗೋಡೆಯ ತುಂಬ ರಸ್ತೆಯ ಚಿಹ್ನೆಗಳು, ಬಿಚ್ಚಿಟ್ಟ ಒಂದು ಗೇರ್ ಬಾಕ್ಸು, ಮತ್ತು ತಲೆಯ ಮೇಲೆ ಬೋರ್ಡು ಹೊತ್ತ ಒಂದು ಬೂದು ಬಣ್ಣದ ಕಾರು. ಆ ಕಾರನ್ನು ಹಿಂದೆ ಹಾಕಿ ಹೋಗುವುದೆಂದರೆ ಈ ಊರಿನ ಸೈಕಲ್ಲುಗಳಿಗೂ ಒಂದು ಖುಷಿ.

ಆ ಬೂದು ಕಾರಿನಲ್ಲಿ ಬ್ರೇಕುಗಳು ಎರಡು. ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದಲ್ಲಿ ಕೂರುವ ನನ್ನ ಕಾಲಿಗೆ. ಇಷ್ಟು ವರ್ಷಗಳಲ್ಲಿ ನಾನು ಸ್ಟೀರಿಂಗ್ ಹಿಡಿದದ್ದು ಕಡಿಮೆ, ಬ್ರೇಕ್ ತುಳಿದದ್ದೇ ಹೆಚ್ಚು. ನನ್ನ ಬಲಗಾಲು ಈವರೆಗೆ ಒಬ್ಬ ಪೋಸ್ಟ್‌ಮ್ಯಾನನ್ನು, ಬ್ಯಾಂಕಿನ ಕಾಂಪೌಂಡನ್ನು, ಲೆಕ್ಕವಿಲ್ಲದಷ್ಟು ನಾಯಿಗಳನ್ನು ಮತ್ತು ಒಮ್ಮೆ ಲೈಸೆನ್ಸಿನ ಪರೀಕ್ಷೆ ಮಾಡಲು ಬಂದ ಅಧಿಕಾರಿಯನ್ನೇ ಕಾಪಾಡಿದೆ. ಹಾಗಾಗಿ ಅದಕ್ಕೆ ಸ್ವಲ್ಪ ಜಂಬ. ನನ್ನ ಮಾತನ್ನೂ ಕೇಳುವುದಿಲ್ಲ. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟನ್ನು ತುಳಿಯುತ್ತದೆ. ಹಲ್ಲಿನ ಡಾಕ್ಟರು ಯಂತ್ರ ಹಿಡಿದು ನನ್ನ ಬಾಯಿಯ ಹತ್ತಿರ ಬಂದ ಕೂಡಲೇ ಬ್ರೇಕ್ ಹಾಕುತ್ತದೆ. ಒಮ್ಮೆ ಸಿನಿಮಾದಲ್ಲಿ ಖಳನಾಯಕನ ಜೀಪು ಕಂದಕದತ್ತ ಓಡುತ್ತಿದ್ದಾಗ ಮುಂದೆ ಕೂತವರ ಕುರ್ಚಿಯ ಬೆನ್ನನ್ನು ಎಷ್ಟು ಜೋರಾಗಿ ತುಳಿಯಿತೆಂದರೆ, ಆ ಸಜ್ಜನರು ಇಂಟರ್ವಲ್ಲಿನಲ್ಲಿ ನನ್ನನ್ನು ಹೊರಗೆ ಕರೆದು, ಖಳನಾಯಕ ನಿಮಗೆ ಏನಾಗಬೇಕು ಎಂದು ಕೇಳಿದರು.

ಇಂಥ ಕಾಲಿನ ಪಕ್ಕದಲ್ಲಿ ಕೂತು ಕಾರು ಓಡಿಸಲು ಸಂಬಳ ಕೊಟ್ಟರೂ ಯಾರೂ ಬರುವುದಿಲ್ಲ. ಫೀಸು ಕೊಟ್ಟು ಬರುವವರ ಮಾತು ಬೇರೆ, ಅವರಿಗೆ ಲೈಸೆನ್ಸಿನ ಆಸೆ. ಫೀಸಿಲ್ಲದೆ ಕೂರಬೇಕಾಗಿ ಬಂದವಳು ನನ್ನ ಹೆಂಡತಿ ಒಬ್ಬಳೇ. ಅವಳು ದರ್ಜಿ. ಹೊಸ ಬಟ್ಟೆ ಹೊಲಿಯುವುದಿಲ್ಲ. ಬೇರೆಯವರು ಹೊಲಿದದ್ದನ್ನು ಬಿಚ್ಚಿ, ಹಿಡಿದು, ಬಿಟ್ಟು, ಮೈಗೆ ಕೂರಿಸಿ ಕೊಡುತ್ತಾಳೆ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಯಾವಾಗಲೂ ಯಾರದೋ ಪ್ಯಾಂಟು ಅರ್ಧ ಕಾಲಿನಲ್ಲಿ ನೇತಾಡುತ್ತಿರುತ್ತದೆ. ನನ್ನ ಕೈಕೆಳಗೆ, ಅಂದರೆ ನನ್ನ ಕಾಲಕೆಳಗೆ, ಅವಳು ಎರಡನೇ ಗೇರಿನಿಂದ ಮುಂದೆ ಹೋಗಲಾಗದೆ, ಒಂದು ದಿನ ಏನೂ ಹೇಳದೆ ಎದುರು ಬೀದಿಯ ಡ್ರೈವಿಂಗ್ ಸ್ಕೂಲಿಗೆ ಸೇರಿ, ಮೊದಲ ಸಲಕ್ಕೇ ಪಾಸಾಗಿ, ಲೈಸೆನ್ಸನ್ನು ತಂದು ನನ್ನ ಕಾಫಿ ಲೋಟದ ಪಕ್ಕದಲ್ಲಿಟ್ಟಳು. ಎದುರು ಬೀದಿಯವನು ಆ ವಾರವೆಲ್ಲ ನನಗೆ ದೂರದಿಂದಲೇ ಕೈಯೆತ್ತಿ ನಮಸ್ಕಾರ ಮಾಡುತ್ತಿದ್ದ.

ಹಾಗಾದರೆ ನೀವೇ ಓಡಿಸಬಹುದಿತ್ತಲ್ಲ ಎಂದು ತಾವು ಕೇಳಬಹುದು. ಓಡಿಸುತ್ತೇನೆ. ಆದರೆ ನಿಯಮದ ಪ್ರಕಾರ ಓಡಿಸುತ್ತೇನೆ, ಆದ್ದರಿಂದ ಹೊರಟ ಕೆಲಸ ಮುಗಿಯುವ ಹೊತ್ತಿಗೆ ಅಂಗಡಿ ಮುಚ್ಚಿರುತ್ತದೆ. ಇನ್ನೊಂದು ತೊಂದರೆಯೆಂದರೆ, ಸ್ಟೀರಿಂಗ್ ನನ್ನ ಕೈಯಲ್ಲಿದ್ದರೆ ಬೈಯಲು ಯಾರೂ ಇರುವುದಿಲ್ಲ. ಬಾಯಿಗೆ ಕೆಲಸವಿಲ್ಲದೆ ನಿದ್ದೆ ಬರುತ್ತದೆ. ಹಾಗಾಗಿ ಹೊರಗೆ ಹೊರಟಾಗಲೆಲ್ಲ ಅವಳೇ ಓಡಿಸುವುದು, ನಾನು ಪಕ್ಕದಲ್ಲಿ ಕೂರುವುದು, ಹಿಂದಿನ ಸೀಟಿನಲ್ಲಿ ನನ್ನ ಅಕ್ಕ ಮತ್ತು ಭಾವ ಎಂದು ಪದ್ಧತಿಯಾಗಿತ್ತು. ಅಕ್ಕ ಭಾವ ಪಕ್ಕದ ಮನೆಯಲ್ಲೇ ಇರುವುದರಿಂದ, ನಮ್ಮ ಕಾರಿನ ಬಾಗಿಲು ತೆರೆದ ಸದ್ದು ಕೇಳಿದರೆ ಚಪ್ಪಲಿ ಮೆಟ್ಟಿಕೊಂಡೇ ಬರುತ್ತಿದ್ದರು. ಎಲ್ಲಿಗೆ ಎಂದು ಕೇಳುತ್ತಿದ್ದದ್ದು ಕಾರು ಹೊರಟ ಮೇಲೆ.

ಕಳೆದ ವರ್ಷ ಒಂದು ದಿನ ಹೀಗೇ ನಾಲ್ಕು ಜನ ಹೋಗುತ್ತಿದ್ದಾಗ, ಖಾಲಿ ರಸ್ತೆಯಲ್ಲಿ ಗಾಳಿಗೆ ಒಂದು ಪ್ಲಾಸ್ಟಿಕ್ ಕವರು ಹಾರಿ ಬಂತು. ನನ್ನ ಕಾಲು ಅದನ್ನು ಕಾಪಾಡಿತು. ಹಿಂದೆ ಅಕ್ಕ ಫ್ಲಾಸ್ಕಿನಿಂದ ಬಗ್ಗಿಸುತ್ತಿದ್ದ ಕಾಫಿ ಭಾವನ ಬಿಳಿ ಅಂಗಿಯ ಮೇಲೆ ಹೋಯಿತು. ನನ್ನ ಹೆಂಡತಿ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬೀಗದಕೈಯನ್ನು ನನ್ನ ಕೈಗಿತ್ತು, "ತಗೊಳ್ಳಿ, ಇನ್ಮೇಲೆ ನಿಮ್ಮ ಕಾಲೇ ಓಡಿಸಲಿ" ಎಂದು ಹೇಳಿ ಇಳಿದು, ಬರುತ್ತಿದ್ದ ಬಸ್ಸಿಗೆ ಕೈ ತೋರಿಸಿ ಹತ್ತಿ ಹೋದಳು. ನಿಲ್ಲಿಸಿದ ಕ್ರಮದಲ್ಲಿ ಒಂದು ತಪ್ಪೂ ಇರಲಿಲ್ಲ.

ಅಂದಿನಿಂದ ಅವಳು ಎಲ್ಲಿಗೆ ಹೋಗಬೇಕಾದರೂ ಬಸ್ಸಿನಲ್ಲಿ. ಎಷ್ಟೋ ಸಲ ನಾನು ಬೂದು ಕಾರಿನಲ್ಲಿ ಯಾರಿಗೋ ಕ್ಲಚ್ಚು ಬಿಡುವುದನ್ನು ಕಲಿಸುತ್ತ ಅದೇ ಬಸ್ಸಿನ ಹಿಂದೆ ಹೋಗುತ್ತಿರುತ್ತಿದ್ದೆ. ಹಿಂದಿನ ಗಾಜಿನಲ್ಲಿ ಅವಳು ಕಂಬಿ ಹಿಡಿದು ನಿಂತಿರುವುದು ಕಾಣುತ್ತಿತ್ತು. ಕಾರಿನಲ್ಲಿ ಸೀಟು ಖಾಲಿ, ಬಸ್ಸಿನಲ್ಲಿ ಅವಳಿಗೆ ಸೀಟಿಲ್ಲ. ನನಗೆ ತುಂಬ ಬೇಜಾರಾಗುತ್ತಿತ್ತು ಮಹಾಶಯರೇ, ಇದನ್ನು ಯಾವ ಅಲಂಕಾರವೂ ಇಲ್ಲದೆ ಹೇಳುತ್ತಿದ್ದೇನೆ. ಜೊತೆಯಲ್ಲಿ ಹೋಗುವವರು ಇಲ್ಲದ ಮೇಲೆ ನಾನು ಎಲ್ಲಿಗೂ ಹೋಗುವುದನ್ನೇ ಬಿಟ್ಟೆ.

ಕೊನೆಗೆ ಪರಿಹಾರ ಹುಡುಕಿದವಳೂ ಅವಳೇ. ಒಂದು ಬೆಳಿಗ್ಗೆ ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡೇ, ನನ್ನ ಕಡೆ ತಿರುಗದೆ, ತೀರ್ಪು ಕೊಟ್ಟಳು. "ನಾನೊಂದು ಕಾರು ತಗೋತೀನಿ. ನಾನೇ ಓಡಿಸ್ತೀನಿ. ಹಿಂದೆ ಸೀಟಿರಬಾರ್ದು, ನಿಮ್ಮ ಕಡೆ ಬ್ರೇಕಿರಬಾರ್ದು. ಕಾಲು ಸುಮ್ನಿಟ್ಕೊಂಡ್ರೆ ಪಕ್ಕದಲ್ಲಿ ಕೂತ್ಕೊಳ್ಳಿ, ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗ್ತೀನಿ. ತುಳಿದ್ರೋ, ನನಗೆ ಬಸ್ಸೇ ಗತಿ, ನಿಮಗೆ ನಿಮ್ಮ ಬೋರ್ಡಿನ ಕಾರೇ ಗತಿ." ಹಿಂದೆ ಸೀಟಿಲ್ಲದ ಕಾರುಗಳನ್ನು ಹುಡುಕುತ್ತ ಹೋದರೆ ಸಿಗುವುದು ಸ್ಪೋರ್ಟ್ಸ್ ಕಾರುಗಳು ಮಾತ್ರ ಎಂಬುದು ನನಗೂ ಆಗಲೇ ಗೊತ್ತಾದದ್ದು. ಹೊಸದನ್ನು ಕೊಳ್ಳುವುದು ನಮ್ಮ ಕೈಲಾಗದ ಮಾತು. ಹೀಗೆ, ವೇಗದ ಆಸೆಯಿಂದಲ್ಲ, ಅಕ್ಕ ಭಾವನಿಗೆ ಜಾಗವಿಲ್ಲವೆಂಬ ಒಂದೇ ಸದ್ಗುಣದಿಂದ, ತಮ್ಮ ಕುಲದವರು ನಮ್ಮ ಮನೆಯ ಮಾತಿನಲ್ಲಿ ಬಂದರು.

ಹಳೆಯ ಕಾರು ಮಾರುವ ಆ ಅಂಗಳ ತಮಗೆ ನೆನಪಿರಬೇಕು. ಅಲ್ಲಿ ತಾವು ನಾಯಿಗಳಿಗೆ ನೆರಳು ಕೊಡುವುದಕ್ಕೂ ಆಗದಷ್ಟು ತಗ್ಗಾಗಿ ನಿಂತಿದ್ದಿರಿ. ತಮ್ಮ ಪಕ್ಕದಲ್ಲಿ ಅದೇ ಕಂಪನಿಯ, ಅದೇ ವರ್ಷದ ಬಿಳಿಯ ಕಾರು. ಮಾರುವವನು ಮಾತಿಗೊಮ್ಮೆ ಕಪ್ಪು ಕನ್ನಡಕ ತೆಗೆದು ಹಾಕುತ್ತಿದ್ದ. ಬಿಳಿಯದನ್ನು ತೋರಿಸಿ, "ಡಾಕ್ಟ್ರು ಓಡ್ಸಿದ್ ಗಾಡಿ ಸಾರ್, ಸ್ಟ್ಯಾಂಡರ್ಡು, ಒಂದು ಬೋಲ್ಟೂ ಬಿಚ್ಚಿಲ್ಲ" ಎಂದ. ತಮ್ಮನ್ನು ತೋರಿಸಿ, "ಇದು ಪ್ರೀತಿಯಿಂದ ಸಾಕಿದ್ ಗಾಡಿ ಸಾರ್" ಎಂದಷ್ಟೇ ಹೇಳಿದ. ಅಷ್ಟು ಪ್ರೀತಿಯಿಂದ ಸಾಕಿದವರು ಮಾರಿದ್ದೇಕೆಂದು ಕೇಳಿದರೆ ಕನ್ನಡಕ ಒರೆಸತೊಡಗಿದ.

ನಮ್ಮ ಜೊತೆ ಭಾವ ಬಂದಿದ್ದರು. ಕರೆದಿರಲಿಲ್ಲ, ನಮ್ಮ ಮನೆ ಬಾಗಿಲಿನ ಸದ್ದು ಕೇಳಿತ್ತು. ಭಾವ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಜೀವನವಿಡೀ ತಕ್ಕಡಿಗಳ ಸೀಲು ನೋಡಿದ ಅವರಿಗೆ ಸ್ಟ್ಯಾಂಡರ್ಡ್ ಎಂಬ ಮಾತು ಕೇಳಿದರೇನೇ ಮುಖದಲ್ಲಿ ಕಳೆ ಬರುತ್ತದೆ. ಜೇಬಿನಿಂದ ಟೇಪು ಮತ್ತು ಅಯಸ್ಕಾಂತ ತೆಗೆದು, ಬಿಳಿಯ ಕಾರಿನ ಮೈಗೆಲ್ಲ ಅಯಸ್ಕಾಂತ ಹಿಡಿದು ನೋಡಿದರು, ಎಲ್ಲೆಡೆ ಕಚ್ಚಿಕೊಂಡಿತು. ತಮ್ಮ ಬಾಗಿಲಿಗೆ ಹಿಡಿದಾಗ ಎರಡು ಕಡೆ ಜಾರಿ ಕೆಳಗೆ ಬಿತ್ತು. "ತಗ್ಗು ಮುಚ್ಚೋಕೆ ಒಳಗೆ ಪುಟ್ಟಿ ಮೆತ್ತಿದಾರೆ ಕಣಯ್ಯ. ಇದಕ್ಕೆ ಇನ್ಶೂರೆನ್ಸ್‌ನೋರು ಹೂಂ ಅನ್ನಲ್ಲ, ಕಾಗದಪತ್ರದಲ್ಲಿ ಒಂದು ಬಣ್ಣ, ಕಣ್ಣಿಗೆ ಒಂದು ಬಣ್ಣ. ಯಾವನು ಏನು ಬಿಚ್ಚಿದಾನೋ, ಏನು ಮರೆತಿದಾನೋ ಆ ದೇವರಿಗೂ ಗೊತ್ತಿಲ್ಲ. ಸೀಲ್ ಒಡೆದದ್ದು ಅಂದ್ರೆ ಮುಗೀತು" ಎಂದರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂಬುದನ್ನು ತಮ್ಮೊಡನೆ ಸಂಸಾರ ಮಾಡಿದ ಮೇಲೆ ಒಪ್ಪುತ್ತೇನೆ.

ನನ್ನ ಹೆಂಡತಿಯ ವಾದವೇ ಬೇರೆ. ಆಲ್ಟರೇಶನ್ನಿನಿಂದ ಬದುಕುವ ಮನೆಯಲ್ಲಿ ಮಾಡಿಫೈಡ್ ಎಂಬುದನ್ನು ಬೈಗುಳದಂತೆ ಬಳಸುವುದು ಅವಳಿಗೆ ಸರಿಬರಲಿಲ್ಲ. "ಕಂಪನಿಯೋರು ಹೊಲಿದದ್ದು ಯಾರ ಮೈಗೆ ಸರಿಯಾಗಿ ಕೂತಿದೆ ಹೇಳಿ ನೋಡೋಣ. ನಿಮ್ಮ ಅಂಗಿ ತೋಳು ನಾನು ಬಿಚ್ಚಿ ಹೊಲಿದ ಮೇಲೆ ತಾನೇ ಹಾಕ್ಕೊಂಡಿರೋದು?" ಎಂದು ಭಾವನನ್ನು ಕೇಳಿದಳು. ಭಾವ ತೋಳು ನೋಡಿಕೊಂಡರು. ಆದರೆ ಅವಳಿಗೂ ತಮ್ಮ ಬೆನ್ನ ಮೇಲಿನ ರೆಕ್ಕೆಯ ಬಗ್ಗೆ ಅನುಮಾನವಿತ್ತೆಂದು ತಮಗೆ ತಿಳಿಸುವುದು ನನ್ನ ಕರ್ತವ್ಯ. ಅಷ್ಟು ದೊಡ್ಡ ಕಾಲರು ಯಾವ ಬಟ್ಟೆಗೂ ಒಪ್ಪುವುದಿಲ್ಲ ಎಂದಳು. ಈಗ ಅದರ ಮೇಲೆ ಸೋಮವಾರ ಬುಧವಾರ ಗಿರಾಕಿಗಳ ಬಟ್ಟೆ ಒಣಗುತ್ತದೆ, ಅದು ಬೇರೆ ಮಾತು.

ಮೊದಲು ಬಿಳಿಯ ಕಾರಿನಲ್ಲಿ ಒಂದು ಸುತ್ತು ಹೋದೆವು. ಅವಳು ಓಡಿಸಿದಳು, ನಾನು ಪಕ್ಕದಲ್ಲಿ. ಗೇಟು ದಾಟುವ ಮೊದಲೇ ನನ್ನ ಕಾಲು ಎರಡು ಸಲ ತುಳಿದಿತ್ತು. ಆದರೆ ಆ ಡಾಕ್ಟರು ಎಂಥ ಪುಣ್ಯಾತ್ಮರೆಂದರೆ, ಕಾಲ ಕೆಳಗೆ ಕಂಬಳಿಯಷ್ಟು ದಪ್ಪನೆಯ ಮ್ಯಾಟು ಹಾಸಿಸಿದ್ದರು. ಎಷ್ಟು ತುಳಿದರೂ ಸದ್ದಿಲ್ಲ, ಗುರುತಿಲ್ಲ. ಕೆರೆ ದಂಡೆಯವರೆಗೆ ಹೋಗಿ ಬರುವಷ್ಟರಲ್ಲಿ ನಾನು ಮನಸಾರೆ ತುಳಿದೆ, ಅವಳಿಗೆ ಗೊತ್ತೇ ಆಗಲಿಲ್ಲ. ಇಳಿಯುವ ಹೊತ್ತಿಗೆ ನಾನು ಸ್ಟ್ಯಾಂಡರ್ಡ್ ಕಾರಿನ ಕಟ್ಟಾ ಅಭಿಮಾನಿಯಾಗಿ, ಭಾವನಿಗಿಂತ ಜೋರಾಗಿ ವಾದಿಸತೊಡಗಿದ್ದೆ. ಅವಳು ಮಾತ್ರ, "ಚೆನ್ನಾಗಿದೆ. ಆದ್ರೆ ಕೂತಿದ್ದಷ್ಟು ಹೊತ್ತೂ ಆಕಳಿಕೆ ಬರ್ತಿತ್ತು" ಎಂದಳು.

ಆಮೇಲೆ ತಮ್ಮ ಸರದಿ. ತಮ್ಮೊಳಗೆ ಇಳಿಯುವುದನ್ನು ಕೂರುವುದು ಎನ್ನಲಾಗದು. ಬಾವಿಗೆ ಇಳಿದ ಹಾಗೆ ಒಂದೊಂದೇ ಅಂಗವನ್ನು ಇಳಿಬಿಡಬೇಕು. ಕಪ್ಪು ಕನ್ನಡಕದವನು ನನ್ನ ಎರಡು ಹೆಗಲ ಮೇಲಿಂದ, ಎರಡು ತೊಡೆಗಳ ಪಕ್ಕದಿಂದ ಬೆಲ್ಟು ತಂದು ಹೊಟ್ಟೆಯ ಮೇಲೆ ಗುಂಡಿ ಹಾಕಿದ. ಕೈ ಆಡುವಂತಿಲ್ಲ, ಕತ್ತು ತಿರುಗುವಂತಿಲ್ಲ, ಮೈಯಲ್ಲಿ ಸ್ವಾತಂತ್ರ್ಯವಿದ್ದದ್ದು ಬಲಗಾಲಿಗೆ ಮಾತ್ರ. ಎಂಥ ಕಾಲಿಗೆ ಎಂಥ ಸ್ವಾತಂತ್ರ್ಯ! ಕಾಲ ಮುಂದೆ ಏನೋ ಕರಿಯ ಡಬ್ಬವಿತ್ತು; ಕಾಲು ಚಾಚಲು ಮಣೆಯಿರಬೇಕೆಂದುಕೊಂಡೆ. ತಾವು ಗುಟುರು ಹಾಕಿ ಹೊರಟಾಗ ಅಂಗಳದ ಪಾರಿವಾಳಗಳೂ ಭಾವನೂ ಒಟ್ಟಿಗೆ ಹಿಂದೆ ಸರಿದದ್ದನ್ನು ಕನ್ನಡಿಯಲ್ಲಿ ಕಂಡೆ.

ಕೆರೆ ದಂಡೆಯ ತಿರುವಿನಲ್ಲಿ ಒಂದು ಫುಟ್‌ಬಾಲು ರಸ್ತೆಗೆ ಉರುಳಿ ಬಂತು. ನನ್ನ ಕಾಲು ಆ ಡಬ್ಬದ ಮೇಲೆ ಇಳಿಯಿತು. ಇಳಿದದ್ದು ಅಲ್ಲಿಗೆ ನಿಲ್ಲದೆ, ಹಲಗೆ ಮುರಿದುಕೊಂಡು ಒಳಗೆ ಹೋಗಿ, ಹರಡಿನವರೆಗೂ ಸಿಕ್ಕಿಹಾಕಿಕೊಂಡಿತು. ಅದು ತಮ್ಮ ಹಿಂದಿನ ಮಾಲೀಕರು ಕೂರಿಸಿದ್ದ ಸ್ಪೀಕರ್ ಡಬ್ಬವೆಂದು ನನಗೆ ತಿಳಿದದ್ದು ಅದು ಹಾಡಲು ಶುರುಮಾಡಿದಾಗ. ಯಾವ ತಂತಿ ಯಾವ ತಂತಿಗೆ ತಾಗಿತೋ, ಬರೀ ಡೋಲಿನ ಸದ್ದು, ನನ್ನ ಮೊಣಕಾಲಿನಿಂದ ಹಲ್ಲಿನವರೆಗೆ. ಹೆಬ್ಬೆರಳು ಆಡಿಸಿದರೆ ತಾಳ ಬದಲಾಗುತ್ತಿತ್ತು. ಮರ್ಯಾದಸ್ಥರು ಓಡಾಡುವ ಕಾರಿನಲ್ಲಿ ಬ್ರೇಕ್ ಇರಬೇಕಾದ ಜಾಗದಲ್ಲಿ ಇಂಥದ್ದನ್ನು ಇಟ್ಟುಕೊಳ್ಳುವುದು ಸರಿಯೇ ಎಂಬುದು ನನ್ನ ದೂರಿನ ಮುಖ್ಯ ಅಂಶ. ತಾವು ಉತ್ತರ ಕೊಡದಿದ್ದರೂ ಚಿಂತೆಯಿಲ್ಲ, ದಾಖಲಾಗಿರಲಿ.

ಒಂದು ಸಂಗತಿಯನ್ನು ಮಾತ್ರ ನ್ಯಾಯವಾಗಿ ಹೇಳಬೇಕು. ನನ್ನ ಕಾಲು ಡಬ್ಬದ ಮೇಲೆ ಇಳಿಯುವ ಹೊತ್ತಿಗೆ ತಾವು ಆಗಲೇ ನಿಂತಾಗಿತ್ತು. ಅವಳು ನನಗಿಂತ ಮೊದಲೇ ಚೆಂಡು ನೋಡಿ, ನನಗಿಂತ ಮೊದಲೇ ಬ್ರೇಕ್ ಹಾಕಿ, ಚೆಂಡು ದಾಟಿಹೋಗುವುದನ್ನು ಕಾಯುತ್ತ ಕೂತಿದ್ದಳು. ಆ ಡೋಲಿನ ಗದ್ದಲದಲ್ಲೂ ಇದು ನನಗೆ ತಿಳಿಯಿತು. ಅವಳು ನನ್ನ ಕಾಲು ನೋಡಿದಳು, ನನ್ನ ಮುಖ ನೋಡಿದಳು. ಬಸ್ಸು ಖಾಯಂ ಎಂದುಕೊಂಡು ನಾನು ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಅವಳು ಸ್ಟೀರಿಂಗಿಗೆ ಹಣೆಯಿಟ್ಟು ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು, ಹಿಂದಿನ ಗಾಡಿಯವರು ಹಾರನ್ ಹೊಡೆದರೂ ಕೇಳದಷ್ಟು. ಕಾರಿನೊಳಗೆ ಅವಳು ನಕ್ಕು ವರ್ಷವಾಗಿತ್ತು. ಹಾಗೇ ಡೋಲು ಬಾರಿಸಿಕೊಂಡು ಅಂಗಳಕ್ಕೆ ವಾಪಸು ಬಂದೆವು. ಕಪ್ಪು ಕನ್ನಡಕದವನೂ ಭಾವನೂ ಸ್ಕ್ರೂಡ್ರೈವರ್ ಹಿಡಿದು ನನ್ನ ಕಾಲನ್ನು ಬಿಡಿಸಿದರು. "ಸಾರ್, ಕಾಲಿಟ್ಟ ಮೇಲೆ ಗಾಡಿ ನಿಮ್ಮದೇ" ಎಂದ ಅವನು. "ಸೀಲ್ ನೀನೇ ಒಡೆದೆ" ಎಂದರು ಭಾವ. ಅವಳು, "ಇದೇ ಇರ್ಲಿ" ಎಂದಳು. ಹೀಗೆ, ಸ್ಟ್ಯಾಂಡರ್ಡೋ ಮಾಡಿಫೈಡೋ ಎಂದು ಜನ ತಿಂಗಳುಗಟ್ಟಲೆ ಯೋಚಿಸುವ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಒಂದು ಹಿಮ್ಮಡಿ ತೀರ್ಮಾನಿಸಿತು.

ತಾವು ಮನೆಗೆ ಬಂದ ಮೇಲಿನ ಉಪಕಾರಗಳನ್ನು ನೆನೆಯದಿದ್ದರೆ ನಾನು ಕೃತಘ್ನನಾಗುತ್ತೇನೆ. ತಮ್ಮ ದಯೆಯಿಂದ ಬೀದಿಯಲ್ಲಿ ಅಲಾರಂ ಇಡುವವರೇ ಇಲ್ಲ. ರಸ್ತೆಯ ಉಬ್ಬುಗಳನ್ನು ತಾವು ದಾಟುವುದಿಲ್ಲ, ಅವುಗಳ ಮೇಲೆ ಹೊಟ್ಟೆಯೂರಿ ವಿಶ್ರಮಿಸುತ್ತೀರಿ; ಆಗ ನಾನು ಇಳಿದು, ಭಾರ ಕಡಿಮೆಯಾಗಿ ತಾವು ಎರಡು ಬೆರಳು ಮೇಲೆದ್ದು, ಅವಳು ಓರೆಯಾಗಿ ದಾಟಿಸಿ, ನಾನು ಓಡಿಹೋಗಿ ಹತ್ತುವಷ್ಟರಲ್ಲಿ ನನಗೆ ಒಳ್ಳೆಯ ವ್ಯಾಯಾಮವಾಗುತ್ತದೆ. ನಮ್ಮ ಸ್ಕೂಲಿಗೆ ಮಗಳನ್ನು ಸೇರಿಸಲು ಬಂದ ತಂದೆಯೊಬ್ಬರು ನಾನು ತಮ್ಮಿಂದ ಇಳಿಯುವುದನ್ನು, ಅಂದರೆ ತೆವಳಿ ಹೊರಬರುವುದನ್ನು ಕಂಡು, ಅವಳನ್ನು ಎದುರು ಬೀದಿಗೆ ಕರೆದುಕೊಂಡು ಹೋದರು. ಅಕ್ಕ ಮೊದಲ ದಿನವೇ ಫ್ಲಾಸ್ಕು ಹಿಡಿದು ಬಂದು, ತಮ್ಮನ್ನು ಮೂರು ಸುತ್ತು ಹಾಕಿ ಹಿಂದಿನ ಬಾಗಿಲು ಹುಡುಕಿ, ಸಿಗದೆ, ಆ ರೆಕ್ಕೆಯ ಮೇಲೆ ಕೂತು ಬರಬಹುದೇ ಎಂದು ನಿಜವಾಗಿಯೂ ಕೇಳಿದಳು. ಹಿಂದಿನ ಸೀಟಿಲ್ಲದ್ದಕ್ಕೆ ತಾವು ಅವಳ ಕ್ಷಮೆ ಕೇಳಬೇಕೆಂಬುದು ನನ್ನ ಸಣ್ಣ ಬಿನ್ನಹ. ಸಾಧ್ಯವಾದರೆ ಬೆಳಗಿನ ಹೊತ್ತು ತಾವು ಕೆಮ್ಮುವ ಬದಲು ಗಂಟಲು ಸರಿಮಾಡಿಕೊಂಡರೆ ಸಾಕು. ಉಬ್ಬು ಬಂದಾಗ ಹೊಟ್ಟೆ ಒಳಗೆಳೆದುಕೊಂಡರೆ ಇನ್ನೂ ಸಂತೋಷ.

ಇವೆಲ್ಲ ಪೀಠಿಕೆ. ನನ್ನ ನಿಜವಾದ ಕೋರಿಕೆ ಇನ್ನು ಮುಂದಿದೆ, ಅದಕ್ಕಾಗಿಯೇ ಈ ಪತ್ರ.

ಮುರಿದ ಡಬ್ಬವನ್ನು ಮೆಕ್ಯಾನಿಕ್ಕು ಕಿತ್ತುಹಾಕಿದ ಮೇಲೆ ನನ್ನ ಕಾಲ ಕೆಳಗೆ ಉಳಿದದ್ದು ಬರೀ ತಗಡು. ತಮ್ಮ ಹಿಂದಿನ ಮಾಲೀಕರು, ತೂಕ ಕಡಿಮೆಯಾದರೆ ವೇಗ ಹೆಚ್ಚುತ್ತದೆಂದು, ಮ್ಯಾಟು ಮಾತ್ರವಲ್ಲ, ಅದರ ಕೆಳಗಿನ ಮೆತ್ತೆಯನ್ನೂ ಕಿತ್ತಿದ್ದಾರೆ. "ಡಬ್ಬದ್ದು ಮಾಫಿ. ಇನ್ನೊಂದ್ಸಲ ತುಳಿದ್ರೆ ಬಸ್ಸು" ಎಂದು ಅವಳು ಮೊದಲ ದಿನವೇ ಹೇಳಿದ್ದಳು. ತುಳಿಯದಿರಲು ನಾನು ಪಟ್ಟ ಪಾಡಿಗೆ ತಾವೇ ಸಾಕ್ಷಿ. ಬಲಗಾಲನ್ನು ಎಡಗಾಲಿನಿಂದ ಒತ್ತಿ ಹಿಡಿದೆ. ಮಡಿಸಿ ಅದರ ಮೇಲೆಯೇ ಕೂತು ನೋಡಿದೆ. ಇಳಿದ ಮೇಲೆ ಜೋಮು ಹಿಡಿದು ಕಂಬ ತಬ್ಬಿ ನಿಲ್ಲಬೇಕಾಯಿತು. ಆದರೂ ಸಂಜೆಗಳು ಚೆನ್ನಾಗಿದ್ದವು. ಅವಳು ನನ್ನನ್ನು ಊರಾಚೆಯ ರಸ್ತೆಗೆ ಕರೆದೊಯ್ಯುತ್ತಿದ್ದಳು, ಗಿರಾಕಿಗಳ ಸೊಂಟದ ಕತೆ ಹೇಳುತ್ತಿದ್ದಳು, ಮೂರನೇ ಗೇರು ಹಾಕುವಾಗ ಸಣ್ಣಗೆ ಗುನುಗುತ್ತಿದ್ದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಗುನುಗುತ್ತಾಳೆಂದು ನನಗೆ ತಿಳಿದಿರಲಿಲ್ಲ. ಎರಡನೇ ಗೇರಿನಿಂದ ಮುಂದೆ ನಾನು ಬಿಟ್ಟಿದ್ದರೆ ತಾನೇ!

ನಿನ್ನೆ ಸಂಜೆ, ಅವಳು ಗುನುಗುತ್ತಿರುವಾಗಲೇ, ಪಕ್ಕದ ಗಲ್ಲಿಯಿಂದ ಒಂದು ಸ್ಕೂಟರು ಮೂತಿ ಹೊರಹಾಕಿತು. ನನ್ನ ಕಾಲು ಬಿಡಿಸಿಕೊಂಡು ಬಂದು ತಗಡಿನ ಮೇಲೆ ಇಳಿಯಿತು. 'ಢಂ' ಎಂದು, ಗಂಟೆ ಹೊಡೆದಂತೆ, ಆ ಸ್ಕೂಟರಿನವನೂ ತಿರುಗಿ ನೋಡುವಂತೆ ಸದ್ದಾಯಿತು. ಗುನುಗು ನಿಂತಿತು. ಇವತ್ತು ಬೆಳಿಗ್ಗೆ ಅವಳು ಕಿಟಕಿಯಿಂದ ಪಕ್ಕದ ಮನೆಯ ಅಕ್ಕನನ್ನು ಬಸ್ಸು ಈಗ ಎಷ್ಟು ಹೊತ್ತಿಗೆ ಬರುತ್ತದೆಂದು ವಿಚಾರಿಸಿದ್ದನ್ನು ನನ್ನ ಕಿವಿಯಾರೆ ಕೇಳಿದೆ.

ಆದ್ದರಿಂದ ಮಾನ್ಯರೇ, ಕೈಜೋಡಿಸಿ ಬೇಡಿಕೊಳ್ಳುತ್ತೇನೆ: ಆ 'ಢಂ' ಎಂಬ ಸದ್ದು ತಮ್ಮದೇ ಎಂದು ಒಪ್ಪಿಕೊಳ್ಳಿ. ತಾವು ಹೇಗೂ ಗುಟುರು ಹಾಕುತ್ತೀರಿ, ಸಿಡಿಯುತ್ತೀರಿ, ಗಡಗಡಿಸುತ್ತೀರಿ, ನಿಂತ ಮೇಲೂ ಹೊಟ್ಟೆಯೊಳಗೆ ಟಿಕ್ ಟಿಕ್ ಎನ್ನುತ್ತೀರಿ. ಅವುಗಳ ನಡುವೆ ಇನ್ನೊಂದು ಸದ್ದು ತಮಗೆ ಭಾರವಾಗಲಾರದು. ಇವತ್ತು ಸಂಜೆ ಅವಳು ಬೀಗ ತಿರುಗಿಸಿದ ಕೂಡಲೇ ನೆಲದಿಂದ ಒಮ್ಮೆ, ಒಂದೇ ಒಂದು ಸಲ, ನನ್ನ ಕಾಲಿನ ಸಹಾಯವಿಲ್ಲದೆ 'ಢಂ' ಎಂದುಬಿಡಿ. ನಾನು ಎರಡೂ ಕಾಲುಗಳನ್ನು ಅವಳಿಗೆ ಕಾಣುವಂತೆ ಮೇಲೆತ್ತಿ ಹಿಡಿದಿರುತ್ತೇನೆ. ಈ ಒಂದು ಉಪಕಾರ ಮಾಡಿದರೆ ತಮ್ಮ ರೆಕ್ಕೆ, ತಮ್ಮ ನೇರಳೆ ದೀಪ, ತಮ್ಮ ಬಾಗಿಲ ಮೇಲಿನ ಬೆಂಕಿಯ ಚಿತ್ರ, ಎಲ್ಲವನ್ನೂ ಭಾವನೆದುರು ಬಾಯ್ತುಂಬ ಹೊಗಳುತ್ತೇನೆ. ನನಗೆ ಸ್ಪೋರ್ಟ್ಸ್ ಕಾರು ಬೇಡ, ಹೆಸರು ಬೇಡ, ವೇಗವಂತೂ ಮೊದಲೇ ಬೇಡ. ಅವಳ ಪಕ್ಕದ ಸೀಟು ಬೇಕು.

ಇಂತು, ತಮ್ಮ ಎಡವಟ್ಟುಗಳನ್ನೆಲ್ಲ ಮನ್ನಿಸಿ ತಮ್ಮಿಂದ ಒಂದೇ ಒಂದು ಎಡವಟ್ಟನ್ನು ನಿರೀಕ್ಷಿಸುತ್ತಿರುವ,
ತಮ್ಮ ವಿಶ್ವಾಸಿ,
ನಿಧಾನ ಮೇಷ್ಟ್ರು

ವಿ. ಸೂ.: ಪತ್ರವನ್ನು ವೈಪರಿಗೆ ಸಿಕ್ಕಿಸಲು ಹೊರಬಂದರೆ ತಾವೂ ಇರಲಿಲ್ಲ, ಅವಳೂ ಇರಲಿಲ್ಲ. ಬಸ್ಸಿನ ಸಮಯ ಕೇಳಿದ್ದು, ಬ್ಲೌಸು ಒಯ್ಯಲು ಬಸ್ಸಿನಲ್ಲಿ ಬರಲಿದ್ದ ಗಿರಾಕಿಯೊಬ್ಬಳಿಗಾಗಿಯಂತೆ. ಮಧ್ಯಾಹ್ನ ಮೆಕ್ಯಾನಿಕ್ಕಿನ ಹತ್ತಿರ ಹೋಗಿ ಬಂದವಳು ನನ್ನನ್ನು ಕರೆದು ಪಕ್ಕದ ಸೀಟಿನ ಬಾಗಿಲು ತೆರೆದಳು. ತಗಡಿನ ಮೇಲೆ, ನನ್ನ ಕಾಲಿಗೆ ಸರಿಯಾಗಿ, ಅವಳ ಹಳೆಯ ಹೊಲಿಗೆ ಮಶೀನಿನ ಪೆಡಲ್ಲನ್ನು ನಾಲ್ಕು ಸ್ಕ್ರೂ ಹಾಕಿ ಕೂರಿಸಲಾಗಿತ್ತು, ಕೆಳಗೆ ರಬ್ಬರು. "ನಿಮ್ಮ ಅಳತೆಗೆ ಆಲ್ಟರ್ ಮಾಡ್ಸಿದೀನಿ, ಎಷ್ಟು ಬೇಕೋ ತುಳ್ಕೊಳ್ಳಿ" ಎಂದಳು. ಅದರ ತಂತಿ ಕತ್ತರಿಸಿಹಾಕಿದ್ದಾರೆ, ಯಾವುದಕ್ಕೂ ಜೋಡಿಸಿಲ್ಲ; ನಾನು ಟಾರ್ಚು ಹಿಡಿದು ಬಗ್ಗಿ ನೋಡಿದ್ದೇನೆ.

ಆದರೂ ಸಂಜೆ ಊರಾಚೆಯ ರಸ್ತೆಯಲ್ಲಿ ನಾನು ಅದನ್ನು ತುಳಿದಾಗ ತಾವು ನಿಧಾನವಾದಿರಿ. ಎದುರಿಗೆ ನಾಯಿಯಿಲ್ಲ, ಸ್ಕೂಟರಿಲ್ಲ, ಕವರೂ ಇಲ್ಲ. ಪರೀಕ್ಷೆಗೆಂದು ಇನ್ನೊಮ್ಮೆ ತುಳಿದೆ, ಇನ್ನೊಮ್ಮೆ ನಿಧಾನವಾದಿರಿ. ತಂತಿಯಿಲ್ಲದ ಪೆಡಲಿನ ಮಾತು ಕೇಳುವ ಕಾರನ್ನು ನಾನು ನನ್ನ ವೃತ್ತಿಯಲ್ಲಿ ಕಂಡಿಲ್ಲ. ಅವಳ ಕಡೆ ನೋಡಿದೆ. ಅವಳು ನೇರವಾಗಿ ರಸ್ತೆಯನ್ನೇ ನೋಡುತ್ತ ಗುನುಗುತ್ತಿದ್ದಳು. ಇದು ಹೇಗೆಂದು ತಾವು ವಿವರಣೆ ಕೊಡಲು ಹೊರಟರೆ, ಮಾನ್ಯರೇ, ನಾಳೆಯೇ ತಮ್ಮನ್ನು ಮಾರಿ ಆ ಬಿಳಿಯ ಕಾರನ್ನು ತರುತ್ತೇನೆ.